ಹಿಟ್ಟಿನ ಕೈಯ ಜೀವಶಾಸ್ತ್ರ

ಬೇಕರಿಯವರು ಐವತ್ತೆರಡನೇ ವಯಸ್ಸಿನಲ್ಲಿ ಹತ್ತನೇ ತರಗತಿ ಪರೀಕ್ಷೆಗೆ ಕಟ್ಟಿದ್ದು ಅವರ ಹೆಂಡತಿಗೆ ಗೊತ್ತಿರಲಿಲ್ಲ. ಸಕ್ಕರೆ ಕಾಯಿಲೆಗೆ ವಾಕಿಂಗ್ ಒಳ್ಳೆಯದು ಎಂದು ಹೇಳಿ ಅವರು ದಿನಾ ಸಂಜೆ ಆರಕ್ಕೆ ಹೊರಡುತ್ತಿದ್ದರು, ನೇರ ಹೋಗಿ ದೊಡ್ಡವರ ಸಂಜೆ ಶಾಲೆಯಲ್ಲಿ ಕೂರುತ್ತಿದ್ದರು. ನಾಲ್ಕು ತಿಂಗಳು ‘ನಡೆದ’ ಮೇಲೂ ಗಂಡನ ಹೊಟ್ಟೆ ಎರಡಿಂಚು ಮುಂದಕ್ಕೇ ಬಂದಿದ್ದನ್ನು ಗಲ್ಲಾದಲ್ಲಿ ಕೂತ ಬೇಕರಿಯಮ್ಮ ಗಮನಿಸದೆ ಇರಲಿಲ್ಲ.

ಮುಚ್ಚಿಟ್ಟದ್ದಕ್ಕೆ ಕಾರಣವಿತ್ತು. ಹಿಂದೊಮ್ಮೆ ಅವರು ಕೊಳಲು ಕಲಿಯಲು ಹೋಗಿ ನಾಲ್ಕೇ ದಿನಕ್ಕೆ ಬಿಟ್ಟಿದ್ದರು. ಆ ಕೊಳಲಿನಲ್ಲಿ ಬೇಕರಿಯಮ್ಮ ಈಗ ಜೇಡರ ಬಲೆ ತೆಗೆಯುತ್ತಿದ್ದರು. ಇನ್ನೊಮ್ಮೆ ಈಜು ಕಲಿಯಲು ಹೋಗಿ, ನೀರು ತಣ್ಣಗಿದೆ ಎಂದು ದಡದಿಂದಲೇ ವಾಪಸು ಬಂದಿದ್ದರು. ಈ ಸಲ ಅಂಕಪಟ್ಟಿಯನ್ನು ಕೈಗಿಟ್ಟ ಮೇಲೇ ಬಾಯಿ ಬಿಡುವುದು ಎಂದು ಅವರು ಗಟ್ಟಿ ಮನಸ್ಸು ಮಾಡಿದ್ದರು.

ತರಗತಿಯಲ್ಲಿ ಅವರ ಬೆಂಚಿನಲ್ಲಿ ಇನ್ನಿಬ್ಬರಿದ್ದರು: ಟೈಲರಕ್ಕ ಮತ್ತು ಸಿಟಿ ಬಸ್ ಓಡಿಸುವ ಡ್ರೈವರಣ್ಣ. ಟೈಲರಕ್ಕ ಅರ್ಥವಾಗುವವರೆಗೆ ಯಾವ ಪಾಠವನ್ನೂ ಬಿಡುವವರಲ್ಲ. ಡ್ರೈವರಣ್ಣ ಅರ್ಥದ ಗೋಜಿಗೇ ಹೋಗುವವರಲ್ಲ, ಕಣ್ಣಿಗೆ ಬಿದ್ದದ್ದನ್ನೆಲ್ಲ ಉರು ಹೊಡೆಯುವುದೇ ಅವರ ವಿದ್ಯೆ. “ರೂಟ್ ಗೊತ್ತಿದ್ರೆ ಸಾಕಕ್ಕಾ, ರಸ್ತೆ ಯಾಕೆ ಹಾಕಿದ್ರು ಅಂತ ಕೇಳ್ತಾ ಕೂತ್ರೆ ಬಸ್ಸು ಮುಂದಕ್ಕೆ ಹೋಗುತ್ತಾ?” ಎನ್ನುತ್ತಿದ್ದರು.

ಮೂವರಿಗೂ ಸೇರಿ ಓದಲು ಹೊತ್ತು ಹೊಂದುತ್ತಿರಲಿಲ್ಲ. ಅದನ್ನು ನೋಡಿ ಪಾಠ ಮಾಡುವ ಮೇಡಂ ಒಂದು ದಿನ ಅವರ ಫೋನುಗಳಲ್ಲಿ ಏನೋ ಒತ್ತಿ ಕೊಟ್ಟರು.

“ಇದರಲ್ಲಿ ಮೂರೂ ಜನ ಒಂದೇ ನೋಟ್ಸ್ ಬರೀಬಹುದು. ಒಬ್ರು ಬರೆದಿದ್ದು ಆ ಕ್ಷಣವೇ ಉಳಿದವರಿಗೆ ಕಾಣುತ್ತೆ. ಪೂರ್ತಿ ಬಿಟ್ಟಿ.”

“ಬಿಟ್ಟಿ ಅಂದ್ಮೇಲೆ ಎಲ್ಲೋ ಒಂದು ಕೊಕ್ಕೆ ಇರುತ್ತೆ ಮೇಡಂ” ಎಂದರು ಟೈಲರಕ್ಕ.

“ಕೊಕ್ಕೆ ಏನಿಲ್ಲ. ನೀವು ಓದ್ಬೇಕು, ಅಷ್ಟೇ.”

“ಅದೇ ನೋಡಿ ಕೊಕ್ಕೆ” ಎಂದರು ಡ್ರೈವರಣ್ಣ.

ಬೇಕರಿಯವರಿಗೆ ಬಿಡುವು ಸಿಗುತ್ತಿದ್ದದ್ದು ಮಧ್ಯಾಹ್ನ ಮೂರಕ್ಕೆ, ಅದೂ ಸಂಜೆಯ ಬ್ರೆಡ್ಡಿಗೆ ಹಿಟ್ಟು ನಾದುವಾಗ. ಕೈ ಮೊಣಕೈವರೆಗೆ ಹಿಟ್ಟಿನಲ್ಲಿರುತ್ತಿತ್ತು. ಅದಕ್ಕೂ ಮೇಡಂ ದಾರಿ ತೋರಿಸಿದರು: ಮೈಕಿನ ಗುರುತು ಒತ್ತಿ ಮಾತಾಡಿದರೆ ಸಾಕು, ಫೋನೇ ಬರೆದುಕೊಳ್ಳುತ್ತದೆ. ಬೇಕರಿಯವರು ಫೋನನ್ನು ಯೀಸ್ಟಿನ ಡಬ್ಬಿಗೆ ಒರಗಿಸಿ, ಬಗ್ಗಿ, ಮೂಗಿನ ತುದಿಯಲ್ಲಿ ಮೈಕು ಒತ್ತುವುದನ್ನು ರೂಢಿ ಮಾಡಿಕೊಂಡರು.

ಅವರ ಪಾಲಿಗೆ ಬಂದದ್ದು ಹೂವಿನ ಪಾಠ. ಹೂವಿನ ಗಂಡು ಭಾಗ ಕೇಸರ, ಹೆಣ್ಣು ಭಾಗ ಶಲಾಕೆ. ಕೇಸರ ಸಲೀಸಾಗಿ ಬಾಯಿಗೆ ಬಂತು. ಆದರೆ ಶಲಾಕೆ ಮಾತ್ರ ಸೋಪು ಹಚ್ಚಿದ ಹಾಗೆ ಜಾರಿಕೊಳ್ಳುತ್ತಿತ್ತು. ಒಂದು ಮಧ್ಯಾಹ್ನ ಮೈಕು ಒತ್ತಿ ಪಾಠ ಹೇಳುತ್ತಿದ್ದಾಗ ಅದು ಫಕ್ಕನೆ ನೆನಪಾಗಿ ಅವರು ಖುಷಿಗೆ ಹಿಟ್ಟನ್ನು ದಬದಬ ಬಡಿದು ಕೂಗಿಬಿಟ್ಟರು:

“ಶಲಾಕೆ! ಅಯ್ಯೋ ನನ್ನ ಶಲಾಕೆ, ನಿನ್ನನ್ನ ಹೇಗೆ ಮರೆತೆ ನಾನು!”

ಖಾಲಿ ಟ್ರೇ ಇಡಲು ಬಂದ ಬೇಕರಿಯಮ್ಮ ಬಾಗಿಲಲ್ಲೇ ನಿಂತರು.

ಅದೇ ಹೊತ್ತಿಗೆ ಟೈಲರಕ್ಕ ಒಂದು ರವಿಕೆಗೆ ತೋಳು ಕೂರಿಸುತ್ತ, ಹೊಲಿಗೆ ಮಿಷನ್ನಿನ ಮೇಲಿಟ್ಟ ಫೋನಿನಲ್ಲಿ ಹೂವಿನ ಪಾಠ ಮೂಡುವುದನ್ನು ಓದುತ್ತಿದ್ದರು. ಡಿಪೋದ ಬೆಂಚಿನಲ್ಲಿ ಡ್ರೈವರಣ್ಣ ಕಣ್ಣು ಮುಚ್ಚಿ ತೆರೆದು ಸಾಲುಸಾಲಾಗಿ ಉರು ಹೊಡೆಯುತ್ತಿದ್ದರು. ಯಾರು ಹೇಳಿದ್ದು ಎಂಬುದರ ಗೊಡವೆಯಿಲ್ಲದೆ, ಒಂದು ಚುಕ್ಕಿಯೂ ಇಲ್ಲದೆ, ಫೋನು ಬರೆಯುತ್ತಾ ಹೋಯಿತು:

‘ಯಾರ್ರೀ ಅವಳು ಶಲಾಕೆ ಅಯ್ಯೋ ಅವಳಲ್ಲ ಕಣೇ ಅದು ಹೂವು ಹೂವು ಅಂತ ಬೇರೆ ಕರೀತೀರಾ ನಾಲ್ಕು ತಿಂಗಳಿಂದ ವಾಕಿಂಗ್ ಅಂತ ಹೋಗಿದ್ದು ಇವಳ ಹತ್ರಾನಾ ಇಲ್ಲ ಕಣೇ ಮೇಡಂ ಹತ್ರ ಮೇಡಂ ಬೇರೆ ಇದ್ದಾಳಾ’

ಟೈಲರಕ್ಕನ ಸೂಜಿ ರವಿಕೆಯ ತೋಳನ್ನು ಕೊರಳಿಗೆ ಸೇರಿಸಿ ಹೊಲಿದುಬಿಟ್ಟಿತು. ‘ಮೈಕ್ ಆಫ್ ಮಾಡಿ’ ಎಂದು ಅವರು ನಡುವೆ ಬರೆದರು. ಬೇಕರಿಯಲ್ಲಿ ಯಾರೂ ನೋಡಲಿಲ್ಲ. ಕೊನೆಗೆ ಫೋನೇ ಮಾಡಿದರು.

ಬೇಕರಿಯಲ್ಲಿ ಫೋನು ರಿಂಗಾಯಿತು. ಪರದೆಯ ಮೇಲೆ ‘ಟೈಲರಕ್ಕ’ ಎಂದು ಬಂತು.

“ಇವಳು ಮೂರನೆಯವಳು!” ಎಂದು ಬೇಕರಿಯಮ್ಮ ಫೋನು ಕಸಿದರು. “ಹೇಳಮ್ಮಾ, ನೀನೂ ಹೂವೇನಾ?”

“ಅಮ್ಮಾ, ಸ್ವಲ್ಪ ಕೇಳಿ. ಶಲಾಕೆ ಅಂದ್ರೆ ಹೂವಿನೊಳಗಿನ ಹೆಣ್ಣು ಭಾಗ. ಪಾಠದಲ್ಲಿದೆ. ಮೇಡಂ ಅಂದ್ರೆ ನಮ್ಮ ಟೀಚರು. ನಾವು ಮೂರು ಜನ ಹತ್ತನೇ ಕ್ಲಾಸಿಗೆ ಓದ್ತಾ ಇದ್ದೀವಿ.”

ಬೇಕರಿಯಮ್ಮ ಗಂಡನನ್ನು ನೋಡಿದರು. ಮೊಣಕೈವರೆಗೆ ಹಿಟ್ಟು, ಮೂಗಿನ ತುದಿಯಲ್ಲೂ ಹಿಟ್ಟು, ಕಣ್ಣಲ್ಲಿ ಹೋಂವರ್ಕ್ ಬಿಟ್ಟು ಬಂದ ಮಗುವಿನ ಹೆದರಿಕೆ.

“ಇವ್ರಾ? ಓದ್ತಾ ಇದ್ದಾರಾ? ನಾಲ್ಕು ದಿನ ಆದ್ಮೇಲೂ?”

“ನಾಲ್ಕು ತಿಂಗಳಾಯ್ತಮ್ಮಾ. ಒಂದು ದಿನವೂ ತಪ್ಪಿಸಿಲ್ಲ.”

ಬೇಕರಿಯಮ್ಮ ಫೋನು ಕೆಳಗಿಟ್ಟರು. ತಂದ ಟ್ರೇಗಳನ್ನು ಒಂದರ ಮೇಲೊಂದು ಜೋಡಿಸಿದರು.

“ನನಗೆ ಹೇಳೋಕೆ ಏನಾಗಿತ್ತು?”

“ನೀನು ನಗ್ತೀಯ ಅಂತ.”

“ನಗ್ತಿದ್ದೆ. ಹೊಟ್ಟೆ ತುಂಬಾ ನಕ್ಕು, ಆಮೇಲೆ ಪಾಠ ಒಪ್ಪಿಸ್ಕೊಳ್ತಿದ್ದೆ.”

ಹೇಳಿದಂತೆಯೇ ಮಾಡಿದರು. ಮರುದಿನದಿಂದ ಮೂರು ಗಂಟೆಗೆ ಫೋನು ಹಿಡಿದು ಸ್ಟೂಲಿನ ಮೇಲೆ ಕೂತರು. ಮೇಡಂ ತೋರಿಸಿದ ಇನ್ನೊಂದು ಬಿಟ್ಟಿ ಸಾಧನದಲ್ಲಿ ಪ್ರಶ್ನೆಯ ಚೀಟಿಗಳು ಬರುತ್ತಿದ್ದವು, ಬೆರಳು ತಾಗಿಸಿದರೆ ಚೀಟಿ ಮಗುಚಿ ಉತ್ತರ ಕಾಣುತ್ತಿತ್ತು. ಗಂಡ ತಪ್ಪು ಹೇಳಿದಾಗಲೆಲ್ಲ ಅವರು ಚೀಟಿ ಮಗುಚುವ ಮೊದಲು ಒಂದು ನಿಟ್ಟುಸಿರು ಬಿಡುತ್ತಿದ್ದರು. ಬೇಕರಿಯವರು ಉತ್ತರಕ್ಕಿಂತ ಹೆಚ್ಚಾಗಿ ಆ ನಿಟ್ಟುಸಿರಿಗೇ ಹೆದರಿ ಓದಿದರು.

ಜಗಳದ ಸಾಲುಗಳನ್ನು ಟೈಲರಕ್ಕ ಅದೇ ದಿನ ಅಳಿಸಿ ಹಾಕಿದ್ದರು. ಆದರೆ ಡ್ರೈವರಣ್ಣನ ತಲೆಯೊಳಗೆ ಅಳಿಸುವ ಗುಂಡಿ ಇರಲಿಲ್ಲ.

ವಿಜ್ಞಾನ ಪರೀಕ್ಷೆ ಮುಗಿಸಿ ಅವರು ಮದುವೆ ಗಂಡಿನ ಹಾಗೆ ಹೊರಗೆ ಬಂದರು. “ಹೂವಿನ ಪ್ರಶ್ನೆ ನಾಲ್ಕು ಮಾರ್ಕಿಗೆ. ನಾನು ಒಂದು ಪುಟ ಬರೆದೆ, ಒಂದಕ್ಷರ ಬಿಟ್ಟಿಲ್ಲ!”

“ಒಂದು ಪುಟ ಬರೆಯೋಕೆ ಅದರಲ್ಲಿ ಏನಿದೆ?” ಎಂದರು ಟೈಲರಕ್ಕ ಅನುಮಾನದಿಂದ.

ಡ್ರೈವರಣ್ಣ ಕಣ್ಣು ಮುಚ್ಚಿ ಒಪ್ಪಿಸಿದರು. ಕೇಸರ ಬಂತು, ಪರಾಗ ಬಂತು, ಶಲಾಕೆ ಬಂತು, ‘ಯಾರ್ರೀ ಅವಳು’ ಬಂತು. ‘ಮೇಡಂ ಬೇರೆ ಇದ್ದಾಳಾ’ ಎನ್ನುವಷ್ಟರಲ್ಲಿ ಬೇಕರಿಯವರು ಗೋಡೆ ಹಿಡಿದು ಕೂತಿದ್ದರು.

“ನಡುವೆ ‘ಮೈಕ್ ಆಫ್ ಮಾಡಿ’ ಅಂತಾನೂ ಬರೆದ್ರಾ?” ಎಂದರು ಟೈಲರಕ್ಕ.

“ಬರೆದೆ. ಅದಕ್ಕೆ ಅಡಿಗೆರೆ ಬೇರೆ ಎಳೆದೆ. ಮುಖ್ಯ ಅಂಶ ಇರ್ಬೇಕು ಅನ್ನಿಸ್ತು.”

ಫಲಿತಾಂಶ ಬಂದಾಗ ಟೈಲರಕ್ಕ ಮೊದಲ ದರ್ಜೆಯಲ್ಲಿ ಪಾಸಾಗಿದ್ದರು. ಡ್ರೈವರಣ್ಣನಿಗೆ ವಿಜ್ಞಾನದಲ್ಲಿ ಪಾಸಿಗೆ ಬೇಕಾದ್ದಕ್ಕಿಂತ ಒಂದೇ ಅಂಕ ಹೆಚ್ಚು. ಅದು ಕೇಸರಕ್ಕೆ ಬಂದದ್ದೋ, ನಕ್ಕು ಸುಸ್ತಾದ ಯಾರೋ ಪುಣ್ಯಾತ್ಮರು ಕೊಟ್ಟದ್ದೋ ಇವತ್ತಿಗೂ ಗೊತ್ತಿಲ್ಲ. ಬೇಕರಿಯವರು ವಿಜ್ಞಾನದಲ್ಲಿ ಚೆನ್ನಾಗಿ ಬಂದು ಗಣಿತದಲ್ಲಿ ಡುಮ್ಕಿ ಹೊಡೆದರು.

“ಆಯ್ತು ಬಿಡಿ, ಗಣಿತ ಇನ್ನೊಂದು ಸಲ ಕಟ್ಟಿ” ಎಂದರು ಬೇಕರಿಯಮ್ಮ. “ಒಬ್ಬರೇ ಬೇಡ. ನಾನು ಎಂಟಕ್ಕೆ ಬಿಟ್ಟವಳು, ಈ ಸಲ ನಾನೂ ಕಟ್ತೀನಿ. ಆ ಬಿಟ್ಟಿ ನೋಟ್ಸಲ್ಲಿ ನನ್ನ ಹೆಸರೂ ಸೇರಿಸಿ.”

ಈಗ ಸಂಜೆ ಆರಕ್ಕೆ ಬೇಕರಿಯ ಬಾಗಿಲು ಹಾಕಿರುತ್ತದೆ. ಬೇಕರಿಯಮ್ಮ ಸ್ವಂತ ಅಕ್ಷರದಲ್ಲಿ ಬರೆದ ಬೋರ್ಡು ಅಲ್ಲಿ ತೂಗುತ್ತಿರುತ್ತದೆ: ‘ಪಾಠಕ್ಕೆ ಹೋಗಿದ್ದೇವೆ. ಎಂಟಕ್ಕೆ ಬನ್ನಿ, ಬ್ರೆಡ್ ಎಲ್ಲಿಗೂ ಹೋಗುವುದಿಲ್ಲ.’