ಬೈಯಲು ಬಾರದ ಹೆಸರು

ಹೆಸರಿಗೆ ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅಂತ ಗಾದೆ ಕಟ್ಟಿದ ಪುಣ್ಯಾತ್ಮ ಒಂದು ಮಧ್ಯಾಹ್ನ ಗುಬ್ಬಿಯ ಸಿದ್ದಗಂಗಮ್ಮನವರ ಮುಂದೆ ಬಂದು ಕೂತಿದ್ದರೆ, ಗಾದೆಯನ್ನು ವಾಪಸ್ ತೆಗೆದುಕೊಂಡು ಎದ್ದು ಹೋಗುತ್ತಿದ್ದ. ಅವರ ಪ್ರಕಾರ ಹಸುವಿನ ಹಿಂದೆ ಕರು ನಡೆದ ಹಾಗೆ ಹೆಸರಿನ ಹಿಂದೆ ಮನುಷ್ಯ ನಡೆಯುತ್ತಾನೆ. ಕಥೆಯೊಳಗಿನ ಮನುಷ್ಯರಂತೂ ಅತ್ತಿತ್ತ ಅಲ್ಲಾಡುವ ಹಾಗೇ ಇಲ್ಲ.

ದಿನಾ ಊಟವಾದ ಮೇಲೆ ಅವರು ನಡುಮನೆಯಲ್ಲಿ ಚಾಪೆ ಹಾಸಿ, ಎಲೆಅಡಿಕೆ ಹಾಕಿಕೊಂಡು ಕಾಲು ಚಾಚಿ ಮಲಗುತ್ತಿದ್ದರು. ಮಗಳು ಮಧುಶ್ರೀ ಮೊಬೈಲಿನಲ್ಲಿ ಬರುವ ಧಾರಾವಾಹಿ ಕಥೆಯನ್ನು ಗಟ್ಟಿಯಾಗಿ ಓದಬೇಕು. ಬರೆಯುವವರು ಯಾರೋ 'ದುರ್ಗದ ಹುಡುಗಿ'ಯಂತೆ. ಹೊಸ ಪಾತ್ರ ಬಂದರೆ ಸಾಕು, ಸಿದ್ದಗಂಗಮ್ಮನವರು ಕೈ ಅಡ್ಡ ಹಿಡಿಯುತ್ತಿದ್ದರು.

"ತಡಿಯೇ. ಹೆಸ್ರೇನು ಅವ್ನುದು?"

"ರವೀಶ."

"ಬುಡು ಹಂಗಾರೆ. ಅಮ್ಮನ್ನೂ ಬುಡಲ್ಲ, ಹೆಂಡ್ತಿನೂ ಬುಡಲ್ಲ. ಮಧ್ಯ ನಿಂತ್ಕೊಂಡು ತಲೆ ಕೆರ್ಕೊತಾನೆ, ನೋಡ್ತಿರು."

"ಇನ್ನೊಬ್ರು ಬಂದ್ರಮ್ಮ, ಅಂಜನಮೂರ್ತಿ ಅಂತ."

"ಪಾಪ, ಒಳ್ಳೆ ಜನ. ಆದ್ರೆ ಬಾಳ ದಿವ್ಸ ಇರಲ್ಲ ಕಣೇ."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಸೊಸೆ ರೂಪಶ್ರೀಯ ಕೈ ಅಲ್ಲೇ ನಿಂತಿತು. ಅಂಜನಮೂರ್ತಿಯನ್ನು ಸಾಯಿಸಿಬಿಡೋಣ ಎಂದು ಅವಳು ಬೆಳಿಗ್ಗೆ ಚಪಾತಿ ಲಟ್ಟಿಸುವಾಗಲಷ್ಟೇ ತೀರ್ಮಾನ ಮಾಡಿದ್ದಳು. ಹೌದು, ಆ ದುರ್ಗದ ಹುಡುಗಿ ಇವಳೇ. ಒಲೆ ಮೇಲೆ ಹಾಲಿಟ್ಟು, ಅದು ಉಕ್ಕುವುದರೊಳಗೆ ಮೊಬೈಲಿನಲ್ಲಿ ಒಂದು ಪುಟ ಬರೆಯುವವಳು. ಈ ವಿಷಯ ಗಂಡ ಪ್ರಭುದೇವನಿಗೂ ಗೊತ್ತಿರಲಿಲ್ಲ.

ಹುಲಿಯೂರುದುರ್ಗದಲ್ಲಿ ಹುಟ್ಟಿ, ಕುಣಿಗಲ್ಲಿನಲ್ಲಿ ಬಿ.ಕಾಂ. ಓದಿದವಳು. ಹಿರೇಹಳ್ಳಿಯ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಮುಂದಿನ ತಿಂಗಳ ಮೊದಲ ಸೋಮವಾರ ಬಂದು ಸೇರಿಕೊಳ್ಳಬೇಕು, ಇಲ್ಲವಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಅಂದಿದ್ದರು. ಗಂಡನನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ. "ನಂದೇನಿಲ್ಲ ಕಣೇ, ಅಮ್ಮ ಹೂಂ ಅಂದ್ರೆ ಹೋಗು." ಅಮ್ಮ ಹೂಂ ಅನ್ನುತ್ತಾರೆಯೇ? "ಈ ಮನೆ ಸೊಸೆಯಂದ್ರು ವ್ಯಾನ್ ಹತ್ಕೊಂಡು ಕೆಲ್ಸಕ್ಕೋದೋರಲ್ಲ. ಇನ್ನೊಂದ್ಸಲ ಕೇಳ್ಬೇಡ" ಅಂದು ಮುಗಿಸಿಬಿಟ್ಟಿದ್ದರು. ಎದುರು ಮಾತಾಡುವ ಧೈರ್ಯ ರೂಪಶ್ರೀಗೆ ಇರಲಿಲ್ಲ. ಕಥೆಯ ದಾರಿಯಲ್ಲಾದರೂ ಅತ್ತೆಯ ಮನಸ್ಸು ಕರಗಲಿ ಅಂತ, ಕೆಲಸಕ್ಕೆ ಹೋಗಲು ಹಂಬಲಿಸುವ ಸೊಸೆಯ ಕಥೆಯನ್ನೇ ಶುರುಮಾಡಿದ್ದಳು.

ಕರಗಿದರೆ ತಾನೇ! ಮೊದಲ ಕಥೆಯ ನಾಯಕಿಗೆ ಕೃತಿಕಾ ಅಂತ ಹೆಸರಿಟ್ಟಳು. "ಇಂಥ ಹೆಸ್ರಿನೋಳು ಮನೇಲಿ ನಿಲ್ತಾಳಾ? ಕಾಲ್ ಮುರ್ದು ಕೂರಿಸ್ಬೇಕು" ಅಂದರು ಅತ್ತೆ. ಆ ಕಥೆಯನ್ನು ಅರ್ಧಕ್ಕೇ ಬಿಟ್ಟು ಇನ್ನೊಂದು ಹಿಡಿದು, ಅದರ ನಾಯಕಿಯನ್ನು ಸುಶೀಲ ಮಾಡಿದಳು. "ಹೆಸ್ರೇ ಹೇಳ್ತದಲ್ಲೇ, ಸಹಿಸ್ಕೊಂಡೋಗೋಳು. ಸುಮ್ನೆ ಆಚೆಗ್ಯಾಕೆ ಕಳಿಸ್ತಾಳೆ ಇವ್ಳು?" ಅಂತ ಬರೆದವಳಿಗೇ ಬೈದರು. ಚುರುಕು ಹೆಸರಿಟ್ಟರೆ ಕಟ್ಟಿಹಾಕು ಅನ್ನುತ್ತಾರೆ, ಸಾಧು ಹೆಸರಿಟ್ಟರೆ ಬಿದ್ದಿರಲಿ ಅನ್ನುತ್ತಾರೆ. ಯಾವ ಹೆಸರಿನ ಬಾಗಿಲು ತಳ್ಳಿದರೂ ಹೊರಗಿನಿಂದ ಚಿಲಕ ಹಾಕಿದೆ.

ಅವಳ ಹೆಸರಿನದೇ ಒಂದು ಕಥೆ ಇತ್ತು. ಹುಟ್ಟಿದಾಗ ಅಪ್ಪ ತಮ್ಮ ತಾಯಿಯ ಹೆಸರನ್ನೇ ಇಟ್ಟಿದ್ದರು, ಬಸವಲಿಂಗಮ್ಮ ಅಂತ. ಮಾರ್ಕ್ಸ್ ಕಾರ್ಡಿನಲ್ಲಿ ಇವತ್ತಿಗೂ ಅದೇ ಇದೆ. ಹುಡುಗಿಯಾಗಿದ್ದಾಗ ಈ ಬಸವಲಿಂಗಮ್ಮ ದುರ್ಗದ ಬೆಟ್ಟ ಹತ್ತಿ, ಮೇಲಿಂದ ಊರಿಗೆಲ್ಲ ಕೇಳುವ ಹಾಗೆ ಕೂಗು ಹಾಕುತ್ತಿದ್ದ ಗಟ್ಟಿಗಿತ್ತಿ. ಮದುವೆಯಾಗಿ ಗುಬ್ಬಿಗೆ ಬಂದರೆ ನಡುಮನೆಯ ಗೋಡೆಯ ಮೇಲೆ, ವಿಭೂತಿ ಹಚ್ಚಿದ ಫೋಟೊದಲ್ಲಿ, ಇನ್ನೊಬ್ಬ ಬಸವಲಿಂಗಮ್ಮ ಕಣ್ಣು ಬಿಟ್ಟುಕೊಂಡು ಕೂತಿದ್ದರು. ಸಿದ್ದಗಂಗಮ್ಮನವರ ಅತ್ತೆ. ಬದುಕಿದ್ದಾಗ ಅವರ ಮುಂದೆ ಸಿದ್ದಗಂಗಮ್ಮನವರು ತಲೆ ಎತ್ತಿದವರಲ್ಲ, ಲಿಂಗೈಕ್ಯರಾದ ಮೇಲೂ ಆ ಫೋಟೊದ ಕಡೆಗೆ ಕಾಲು ಚಾಚಿದವರಲ್ಲ.

"ಅತ್ತೆಮ್ಮೋರ ಹೆಸ್ರಿಟ್ಕೊಂಡೋಳ್ನ ನಾನು 'ಲೇ, ಪಾತ್ರೆ ತಿಕ್ಕೇ' ಅಂತ ಹೆಂಗ್ ಬೈಯ್ಲಿ? ಬಾಯಿ ಬರ್ತದಾ?" ಅಂದರು. ಆಗಿನ್ನೂ ಸ್ಕೂಲಿಗೆ ಹೋಗುತ್ತಿದ್ದ ಮಧುಶ್ರೀ "ನಂಗೆ ಜೋಡಿಯಾಗ್ಲಿ, ರೂಪಶ್ರೀ ಅನ್ನೋಣ" ಅಂದಳು. ಸಿದ್ದಗಂಗಮ್ಮನವರಿಗೆ ಹಿಡಿಸಿತು. "ಮೆತ್ಗಿನ ಹೆಸ್ರು. ಮೆತ್ಗೆ ಇರ್ತಾಳೆ." ನೋಡಿ, ಬೈಯುವ ಅನುಕೂಲಕ್ಕೆ ಒಂದು ಹೆಣ್ಣಿನ ಹೆಸರನ್ನೇ ಕಿತ್ತು ಬಿಸಾಕಿದರು! ಈ ಕಡೆಯ ಮನೆಗಳಲ್ಲಿ ಇದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಅವಳೂ ಮಾಡಲಿಲ್ಲ. ಮೆತ್ತಗಿರು ಅಂದರು, ಮೆತ್ತಗಾದಳು.

ಆದರೆ ಆ ಸೋಮವಾರ ಹತ್ತಿರ ಬಂದಿತ್ತು. ಶುಕ್ರವಾರ ಬೆಳಿಗ್ಗೆ ಹಾಲಿಟ್ಟು ಮೊಬೈಲ್ ತೆಗೆದವಳಿಗೆ ಏನನ್ನಿಸಿತೋ, ಹೊಸ ಕಥೆಯ ಮೊದಲ ಸಾಲಿನಲ್ಲೇ ಆ ಹೆಸರನ್ನು ಬರೆದುಬಿಟ್ಟಳು. ಹಾಲು ಉಕ್ಕಿ ಒಲೆಯೆಲ್ಲ ಚೆಲ್ಲಿತು. ಒರೆಸಲಿಲ್ಲ, ಬರೆಯುತ್ತಲೇ ಇದ್ದಳು.

ಮಧ್ಯಾಹ್ನ ಮಧುಶ್ರೀ ಓದತೊಡಗಿದಳು. "ಬಸವಲಿಂಗಮ್ಮ ಆ ಮನೆಗೆ ಸೊಸೆಯಾಗಿ ಬಂದಾಗ..."

ಸಿದ್ದಗಂಗಮ್ಮನವರು ತಟ್ಟನೆ ಎದ್ದು ಕೂತರು. ಚಾಚಿದ ಕಾಲು ಮಡಚಿ, ಸೆರಗು ಸರಿಮಾಡಿಕೊಂಡರು. ಬಾಯಲ್ಲಿದ್ದ ಎಲೆಅಡಿಕೆಯನ್ನು ಹೊರಗೆ ಹೋಗಿ ಉಗಿದು ಬಂದರು.

"ಹೂಂ, ಓದು. ಆಯಮ್ಮ ಏನಂದ್ರಂತೆ?"

ರೂಪಶ್ರೀ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಕಥೆಯೊಳಗಿನ ಅತ್ತೆ ಬಸವಲಿಂಗಮ್ಮನನ್ನು ಗದರಿದರೆ ಸಿದ್ದಗಂಗಮ್ಮನವರು "ಅಯ್ಯೋ ಪಾಪಿ, ಯಾರಿಗೇ ಅಂತಿದೀಯ ಈ ಮಾತ!" ಅಂತ ಹಲ್ಲು ಕಡಿದರು. ಕೆಲಸಕ್ಕೆ ಹೋಗಬೇಡ ಅಂದರೆ ಫೋಟೊದ ಕಡೆ ನೋಡಿ ಕೆನ್ನೆ ಬಡಿದುಕೊಂಡರು. ಕೊನೆಗೆ ಬಸವಲಿಂಗಮ್ಮ ಕೈಮುಗಿದು, 'ನನ್ನನ್ನು ಕಳಿಸಿಕೊಡಿ' ಅಂತ ಕೇಳುವಲ್ಲಿಗೆ ಅವರ ಕಣ್ಣಲ್ಲಿ ನೀರು ಬಂತು.

"ಹೋಗ್ಲಿ ಬುಡೇ! ಆಯಮ್ಮಂಗೆ ಬ್ಯಾಡ ಅನ್ನೋಕೆ ಯಾರಿಗೈತೆ ಎದೆ?"

ರೂಪಶ್ರೀಯ ಕಾಲು ತಾನಾಗಿ ಹೊಸ್ತಿಲು ದಾಟಿ ನಡುಮನೆಗೆ ಬಂತು. "ಅತ್ತೆ, ಕಥೆ ಬರೆಯೋಳು ನಾನೇ. ಬಸವಲಿಂಗಮ್ಮನೂ ನಾನೇ. ನೀವೇ ಹೋಗ್ಲಿ ಅಂದ್ರಲ್ಲ, ಸೋಮವಾರ ಹೋಗ್ಲಾ?"

ಮಧುಶ್ರೀ ಮೊಬೈಲ್ ಕೆಳಗಿಟ್ಟಳು. ಸಿದ್ದಗಂಗಮ್ಮನವರು ಸೊಸೆಯ ಮುಖವನ್ನೇ ನೋಡಿದರು. ಕಣ್ಣಿನ ನೀರು ಒರೆಸಿಕೊಂಡರು. ಆಮೇಲೆ ನಿಧಾನವಾಗಿ ಮತ್ತೆ ಕಾಲು ಚಾಚಿದರು.

"ನಾನ್ ಹೋಗ್ಲಿ ಅಂದಿದ್ದು ಆಯಮ್ಮಂಗೆ. ನಿಂಗಲ್ಲ. ನೀನು ರೂಪಶ್ರೀ. ಹೋಗು, ಕಾಫಿಗಿಡು."

ಅವಳು ಹೋಗಿ ಕಾಫಿಗಿಟ್ಟಳು. ಏನು ಮಾಡುತ್ತಾಳೆ ಹೇಳಿ? ತಾನೇ ಕಟ್ಟಿದ ಬಾಗಿಲು ತನ್ನ ಮುಖಕ್ಕೇ ಬಡಿದಿತ್ತು. ಡಿಕಾಕ್ಷನ್ ಇಳಿಯುವವರೆಗೂ ಅತ್ತಳು. ಅಳುತ್ತಲೇ ಅವಳಿಗೆ ಒಂದು ಮಾತು ಹೊಳೆಯಿತು. ರೂಪಶ್ರೀಗೆ ಬೇಡ ಅಂದಿದ್ದಾರೆ. ಬಸವಲಿಂಗಮ್ಮನಿಗೆ ಅಂದಿಲ್ಲ.

ಸೋಮವಾರ ಬೆಳಿಗ್ಗೆ ತಿಂಡಿ ಮಾಡಿ ಮುಚ್ಚಿಟ್ಟು, ಇಸ್ತ್ರಿ ಸೀರೆ ಉಟ್ಟು, ಊಟದ ಡಬ್ಬಿ ಬ್ಯಾಗಿಗೆ ಹಾಕಿಕೊಂಡು ಅಂಗಳಕ್ಕಿಳಿದಳು. ಪ್ರಭುದೇವ ಪೇಪರ್ ಮುಖಕ್ಕೆ ಅಡ್ಡ ಹಿಡಿದುಕೊಂಡ.

"ರೂಪಶ್ರೀ!"

ತಿರುಗಲಿಲ್ಲ.

"ಏಯ್ ರೂಪಶ್ರೀ! ಕಿವಿ ಕೇಳ್ಸಲ್ವೇನೇ?"

ಗೇಟಿನ ಚಿಲಕ ತೆಗೆದು, ಆಮೇಲೆ ನಿಂತು ತಿರುಗಿದಳು. ಎದುರುಮನೆಯ ಹನುಮಂತಮ್ಮ ಪೊರಕೆ ಹಿಡಿದುಕೊಂಡೇ ನೋಡುತ್ತ ನಿಂತಿದ್ದರು.

"ರೂಪಶ್ರೀ ಹೋಗ್ತಿಲ್ಲ ಅತ್ತೆ. ಬಸವಲಿಂಗಮ್ಮ ಹೋಗ್ತಿರೋದು. ನನ್ನ ಹೆಸ್ರು ಹಿಡ್ದು ಬೇಡ ಅನ್ನಿ. ಒಂದೇ ಒಂದ್ಸಲ 'ಲೇ' ಅನ್ನಿ. ನಿಮ್ಮಾಣೆ, ಒಳಗೆ ಬಂದ್ಬಿಡ್ತೀನಿ. ಇನ್ಯಾವತ್ತೂ ಕೇಳಲ್ಲ."

ಸುಮ್ಮನೆ ಆಡಿದ ಮಾತಲ್ಲ. ಅತ್ತೆ ಹಾಗೆ ಅಂದಿದ್ದರೆ ನಿಜಕ್ಕೂ ವಾಪಸ್ ಹೋಗುವವಳೇ. ಸಿದ್ದಗಂಗಮ್ಮನವರು ಬಾಯಿ ತೆರೆದರು. "ಬಸ..." ಅನ್ನುವಷ್ಟು ಬಂತು. ತಿರುಗಿ ನಡುಮನೆಯ ಗೋಡೆ ನೋಡಿದರು. ಫೋಟೊದ ಕಣ್ಣುಗಳು ಅವರನ್ನೇ ನೋಡುತ್ತಿದ್ದವು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಹಾಗೆ ಅವರ ಗಲ್ಲ ನಡುಗಿತು. ಕೊನೆಗೆ ಬಂದದ್ದು ಹೊಸ ಸೊಸೆಯಾಗಿದ್ದಾಗಿನ ಅವರ ಸಣ್ಣ ದನಿ.

"ಹುಷಾರಾಗಿ ಹೋಗ್ಬುಟ್ಟು ಬನ್ನಿ."

ಅಂದವರೇ ಬೆಚ್ಚಿ, ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದರು.

ಅವಳು ಓಡೋಡಿ ಬಸ್ ಸ್ಟ್ಯಾಂಡಿಗೆ ಬಂದಳು. ಫ್ಯಾಕ್ಟರಿಯ ವ್ಯಾನು ಹೊರಡಲು ಸಿದ್ಧವಾಗಿತ್ತು. ಹತ್ತಿ ಕಿಟಕಿ ಪಕ್ಕ ಕೂತಳು. ತಾನು ಗೆದ್ದೆ ಅನ್ನುವುದು ಅವಳಿಗೆ ಇನ್ನೂ ನಂಬಿಕೆಯಾಗಿರಲಿಲ್ಲ. ವ್ಯಾನು ತುಮಕೂರಿನ ದಾರಿ ಹಿಡಿದ ಮೇಲೆ ಡ್ರೈವರ್ ಕನ್ನಡಿಯಲ್ಲಿ ಹಿಂದಕ್ಕೆ ನೋಡಿ ಕೇಳಿದ.

"ಹೊಸ್ಬ್ರು ಒಬ್ರು ಬರ್ತಾರೆ ಅಂದಿದ್ರು. ಬಸವಲಿಂಗಮ್ಮ ಯಾರಮ್ಮಾ?"

ಯಾರಿರಬಹುದು ಅಂತ ಅವಳೂ ಹಿಂದೆ ತಿರುಗಿ ನೋಡಿದಳು. ಹಿಂದಿನ ಸೀಟು ಖಾಲಿ ಇತ್ತು.