ನಾಲ್ಕನೇ ತಿರುಪು

ಮೂರು ತಿರುಪುಗಳು ತಿರುಪುಳಿ ಇಟ್ಟದ್ದೇ ತಡ ಸುತ್ತಿಕೊಂಡು ಬಂದವು. ನಾಲ್ಕನೆಯದು ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಶಿಕಾರಿಪುರದ ಅಕ್ಕಿ ಗಿರಣಿಯ ಹಿಂದೆ, ನೀರು ಖಾಲಿ ಮಾಡಿದ ಈಜುಕೊಳದೊಳಗೆ ಫಿಟ್ಟರ್ ಮಾಸ್ತಪ್ಪ ಮಂಡಿಯೂರಿ ಕೂತಿದ್ದ. ಎದುರಿನ ಗೋಡೆಯಲ್ಲಿ ಹಿತ್ತಾಳೆ ಚೌಕಟ್ಟಿನ, ದಪ್ಪ ಗಾಜಿನ ದೀಪ. ಗಿರಣಿಯ ಸಾಹುಕಾರ ಪಂಚಾಕ್ಷರಪ್ಪ ಮುಂಬಯಿಯ ಯಾವುದೋ ಹೋಟೆಲಿನಲ್ಲಿ ನೀರೊಳಗೆ ಉರಿಯುವ ದೀಪ ನೋಡಿ ಬಂದವನು, ಊರಿಗೆ ಕರೆಂಟು ಬಂದಮೇಲೆ ಹೊಂಡ ತೋಡಿಸಿ, ಗಾರೆ ಹಾಕಿಸಿ, ಅಂಥದ್ದೇ ದೀಪ ತರಿಸಿದ್ದ. ಈಜು ಮಾತ್ರ ಅವನಿಗೆ ಬಾರದು. ಕೊಳ ಉಪಯೋಗಕ್ಕೆ ಬಂದದ್ದು ಅವನ ತಾಯಿ ವೀರಮ್ಮನಿಗೆ. ಬೆಳಗಾದರೆ ಮೆಟ್ಟಿಲಿಳಿದು ಮೂರು ಮುಳುಗು, ಅಲ್ಲೇ ಒದ್ದೆ ಸೀರೆಯಲ್ಲಿ ಅಂಗೈ ಮೇಲೆ ಲಿಂಗಪೂಜೆ. ಈಗ ಬಲ್ಬು ಸುಟ್ಟುಹೋಗಿತ್ತು.

ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಸಾಹುಕಾರ ಕೂತಿದ್ದ. ಪಕ್ಕದಲ್ಲಿ ನಿಂತವನು ಅವನ ಅಳಿಯ ಗುರುಮಲ್ಲಪ್ಪ. ಡಿಪ್ಲೊಮಾ ಮುಗಿಸಿ ಬಂದು ಹದಿನೈದು ದಿನವಾಗಿತ್ತು. ಫಿಟ್ಟರ್ ಕೆಲಸಕ್ಕೆ ತನ್ನ ಕಡೆಯವನೊಬ್ಬನಿದ್ದಾನೆಂದು ಅಷ್ಟರಲ್ಲೇ ಎರಡು ಸಲ ಹೇಳಿದ್ದ.

“ಏನೋ ಮಾಸ್ತಪ್ಪ, ತಿರುಪಿನ ಕಾಲು ಹಿಡ್ಕಂಡು ಬೇಡ್ಕಂತಿದೀಯಾ?”

“ನಿನ್ನೆ ತಾವು ಕೈ ಹಾಕ್ದೇ ಇದ್ದಿದ್ರೆ ಇದ್ರ ತಲೆ ಮೇಲಿನ ಗೀರಾದ್ರೂ ಉಳೀತಿತ್ತು, ಅಳಿಯಾರೇ.” ಮಾಸ್ತಪ್ಪ ತಿರುಗಿ ನೋಡಲಿಲ್ಲ.

“ಕೇಳಿದ್ರಾ ಮಾವಾರೇ, ಗಾಡಿ ಕೀಲು ಬಡಿಯೋನ ಬಾಯಿ!”

“ಇಬ್ರೂ ಸುಮ್ನಿರ್ರಿ” ಎಂದ ಸಾಹುಕಾರ. “ಗಾಜು ಒಡೀದಂಗೆ ಬಿಚ್ಚಿದ್ರೆ ಗಿರಣೀಲಿರ್ತೀಯ ಮಾಸ್ತಪ್ಪ. ಒಡೀತೋ, ಸಂಜೆ ಬಸ್ಸಿಗೆ ನಿಮ್ಮೂರು ಆನವಟ್ಟಿಗೆ ಹೋಗ್ತಿರು.”

ಹನ್ನೆರಡು ವರ್ಷ ದುಡಿದ ಕೆಲಸ ಒಂದು ತಿರುಪಿನ ಮೇಲೆ ನಿಂತಿತು. ಅದು ಯಾಕೆ ಕಚ್ಚಿಕೊಂಡಿದೆ ಎಂಬುದು ಮಾಸ್ತಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ನೀರಿಗಿಳಿಯುವ ತಿರುಪಿಗೆ ಕುರಿಕೊಬ್ಬು ಸವರದೆ ಕೂರಿಸಬಾರದೆಂದು ಆನವಟ್ಟಿಯ ಕುಲುಮೆಯಲ್ಲಿ ಅವನಪ್ಪ ಕಲಿಸಿದ್ದ. ಲಿಂಗವಂತರ ಮನೆಯ ಕೊಳದಲ್ಲಿ ಆ ಮಾತನ್ನು ಬಾಯಿಬಿಟ್ಟು ಆಡುವಂತಿರಲಿಲ್ಲ. ಆರು ತಿಂಗಳ ಹಿಂದೆ ಎಲೆಯಲ್ಲಿ ಕಟ್ಟಿ ತಂದ ಕೊಬ್ಬನ್ನು ಮೂರು ತಿರುಪುಗಳಿಗೆ ಗುಟ್ಟಾಗಿ ಸವರಿದ್ದ. ನಾಲ್ಕನೆಯದರ ಹೊತ್ತಿಗೆ ವೀರಮ್ಮ ದಂಡೆಗೆ ಬಂದು, “ಎಂಥದೋ ಅದು ವಾಸ್ನೆ?” ಎಂದಿದ್ದರು. ಎಲೆಯನ್ನು ಸೊಂಟಕ್ಕೆ ಸಿಕ್ಕಿಸಿ, ಆ ತಿರುಪನ್ನು ಏನೂ ಸವರದೆ ಬಿಗಿದಿದ್ದ.

ಗರಗಸದ ಅಲಗಿನಿಂದ ತಿರುಪಿನ ತಲೆಯಲ್ಲಿ ಹೊಸ ಗೀರು ಕೊರೆದ. ಸೀಮೆಎಣ್ಣೆ ಬಿಟ್ಟ. ಗಾಜಿಗೆ ಒದ್ದೆ ಬಟ್ಟೆ ಹೊದಿಸಿ, ಕಾಸಿದ ಸಲಾಕೆಯನ್ನು ತಿರುಪಿನ ಮೇಲಿಟ್ಟು ನೂರು ಎಣಿಸಿದ. ಆಮೇಲೆ ತಿರುಪುಳಿ ಊರಿ ಬಿಗಿಯುವ ಕಡೆಗೇ ಒತ್ತಿದ.

“ಅಯ್ಯೋ, ಬಿಗಿ ಮಾಡ್ತಿದಾನ್ರೀ! ಬಿಚ್ಚೋ ಕಡೆನೂ ಗೊತ್ತಿಲ್ಲ ಇವ್ನಿಗೆ!” ಎಂದು ಅಳಿಯ ಕೂಗಿದ.

ತಿರುಪು ಕಿರ್ರೆಂದಿತು. ಕೂದಲೆಳೆಯಷ್ಟು ಮುಂದೆ ಹೋಯಿತು, ಆಮೇಲೆ ಹಿಂದಕ್ಕೆ ತಿರುಗಿ ಹಸಿರು ಕಿಲುಬು ಉದುರಿಸುತ್ತ ಈಚೆ ಬಂತು. ಗಾಜಿಗೆ ಒಂದು ಗೆರೆಯೂ ಬಿದ್ದಿರಲಿಲ್ಲ.

ಗುರುಮಲ್ಲಪ್ಪನಿಗೆ ಸಹಿಸಲಾಗಲಿಲ್ಲ. “ಮೂರು ಸಲೀಸಾಗಿ ಬಂದ್ವು. ಇದೊಂದೇ ಯಾಕೆ ಕಚ್ಕಂತು? ಕುಡ್ದು ಕೂರ್ಸಿರ್ಬೇಕು ಮಾವಾರೇ, ಕೇಳ್ರಿ.”

“ಯಾಕೋ?” ಎಂದ ಸಾಹುಕಾರ. “ಹೋಗ್ಲಿ, ಕೆಲ್ಸ ಕೆಟ್ಟಿತ್ತು, ತಪ್ಪಾಯ್ತು ಅನ್ನು. ಇಲ್ಲಿಗೆ ಮುಗೀತು.”

ಒಂದೇ ಮಾತು. ಅದನ್ನು ಅಂದುಬಿಟ್ಟರೆ ಕೆಲಸ ಉಳಿಯುತ್ತಿತ್ತು. ಗುರುಮಲ್ಲಪ್ಪನ ಮೀಸೆಯಡಿಯ ನಗೆ ನೋಡಿದ ಮಾಸ್ತಪ್ಪನಿಗೆ ತಪ್ಪೊಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಹಿತ್ತಲ ಬಾಗಿಲಲ್ಲಿ ವೀರಮ್ಮ ನಿಂತದ್ದೂ ಕಂಡಿತು. ಆದರೂ ಹೇಳಿದ.

“ಇದ್ಯಾಕೆ ಕಚ್ತು ಅಂತ ಕೇಳ್ಬ್ಯಾಡ್ರಿ. ಆ ಮೂರು ಯಾಕೆ ಬಂದ್ವು ಅಂತ ಕೇಳ್ರಿ. ಅವಕ್ಕೆ ಕುರಿಕೊಬ್ಬು ಹಚ್ಚಿದ್ದೆ. ಇದಕ್ಕೆ ಹಚ್ಚಾಣ ಅನ್ನದ್ರಾಗೆ ಅಮ್ಮಾರು ಬಂದ್ರು.”

ವೀರಮ್ಮನ ಕೈ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. “ಆರು ತಿಂಗ್ಳು ಆ ನೀರಾಗೆ ಮುಳುಗಿ…” ಎಂದರು. ಒಳಗೆ ಹೋದರು. ಬಚ್ಚಲಲ್ಲಿ ಕೊಡದ ಮೇಲೆ ಕೊಡ ನೀರು ಸುರಿದುಕೊಳ್ಳುವ ಸದ್ದು ಕೇಳತೊಡಗಿತು.

ಸಾಹುಕಾರ ಎದ್ದು ನಿಂತ. “ಇಳಿದು ಬಂದು ಒದೀತಿದ್ದೆ. ನನ್ ಕಾಲು ಹೊಲಸಾಗ್ತದೆ. ನಡಿ ಆಚೆ! ಇನ್ಮೇಲೆ ಗಿರಣಿ ಕಡೆ ತಲೆ ಹಾಕ್ಬ್ಯಾಡ.”

ಮಾಸ್ತಪ್ಪ ಹತಾರ ಬಾಚಿಕೊಂಡ. ಆಗ ಸಾಹುಕಾರನ ಕಣ್ಣು ಗೋಡೆಯ ತೆರೆದ ದೀಪದ ಮೇಲೆ ಬಿತ್ತು. ಅಳಿಯನ ಮುಖ ನೋಡಿದ. ಅಳಿಯ ಬೇರೆ ಕಡೆ ನೋಡುತ್ತಿದ್ದ.

“ಬಲ್ಬು ಹಾಕಿ ಕೂರ್ಸಿ ಹೋಗು. ಏನೂ ಹಚ್ಚಂಗಿಲ್ಲ. ಹಂಗೇ ಕೂರ್ಸು.”

“ಆಗ್ಲಿ ಸಾಹುಕಾರ್ರೇ.”

ತಿರುಪುಗಳನ್ನು ಒಂದೊಂದಾಗಿ ಸೀಮೆಎಣ್ಣೆ ಬಟ್ಟೆಯಲ್ಲಿ ತಿಕ್ಕಿ, “ನೋಡ್ರಿ, ಜಿಡ್ಡಿಲ್ಲ” ಎಂದು ಎತ್ತಿ ತೋರಿಸಿದ. ಚೌಕಟ್ಟು ಕೂರಿಸಿದ. ಅಂದು ನಾಲ್ಕನೆಯದನ್ನು ಬಿಗಿದಂತೆ ಏನೂ ಸವರದೆ, ತೋಳಿನ ನರ ಉಬ್ಬುವ ತನಕ, ಮೈಭಾರವನ್ನೆಲ್ಲ ಹಾಕಿ ಬಿಗಿದ. ಮೂರನೆಯದಕ್ಕೆ ಬಂದಾಗ ಗುರುಮಲ್ಲಪ್ಪ ದಂಡೆಯಿಂದ ಕೂಗಿದ:

“ಇನ್ನೂ ಬಿಗಿ ಮಾಡೋ, ನೀರು ಹೋಗ್ತದೆ!”

“ಮಾಡ್ತೀನ್ರೀ ಅಳಿಯಾರೇ” ಎಂದು ಮಾಸ್ತಪ್ಪ ಇನ್ನೊಂದು ಸುತ್ತು ಕೊಟ್ಟ.