ಎಡಗೈ ಗಂಟು

ಕಾರಿನ ಬಾಗಿಲಿನ ಒಳಹಲಗೆ ಕಿತ್ತು ಬಂದಾಗ ಫಿಟ್ಟರ್‌ನ ಕೈ ಅಲ್ಲೇ ನಿಂತಿತು.

ಕೆಂಪು ಸೆಡಾನ್, ಎದುರು ಕಂಪನಿಯದು. ರೇಸ್ ಕಾರಿನ ಗತ್ತಿರುವ ಸೆಡಾನ್ ಮಾರಲು ಯುರೋಪಿನ ಈ ಎರಡು ಕಂಪನಿಗಳು ಹೊಡೆದಾಡುತ್ತಿದ್ದವು. ಒಬ್ಬರ ಕಾರನ್ನು ಇನ್ನೊಬ್ಬರು ಯಾರದೋ ಹೆಸರಲ್ಲಿ ಕೊಂಡು, ಶೆಡ್ಡಿಗೆ ತಂದು ಬಿಚ್ಚಿ ನೋಡುವುದು ಎರಡೂ ಕಡೆ ನಡೆದದ್ದೇ. ವೇಗದಲ್ಲಿ ಸಮಸಮ. ಫಿಟ್ಟರ್‌ನ ಕಂಪನಿ ಸೋಲುತ್ತಿದ್ದುದು ಬಾಗಿಲಲ್ಲಿ. ಅವರದು ಧಪ್ ಎಂದು ಮೆತ್ತಗೆ ಮುಚ್ಚಿಕೊಳ್ಳುತ್ತಿತ್ತು. ಇವರದು ತಗಡಿನ ಡಬ್ಬದ ಹಾಗೆ ಬಡಿದುಕೊಳ್ಳುತ್ತಿತ್ತು.

ಒಳಗೆಲ್ಲ ಯಂತ್ರ ಹಾಕಿದ ಕ್ಲಿಪ್ಪುಗಳು. ಒಂದು ಕಡೆ ಮಾತ್ರ ವೈರಿನ ಕಂತೆಗೆ ಕಪ್ಪು ಬಟ್ಟೆಯ ಪಟ್ಟಿ ಸುತ್ತಿ, ಎಡಕ್ಕೆ ತಿರುವಿ ಗಂಟು ಹಾಕಿತ್ತು. ಚಿಕ್ಕಂದಿನಲ್ಲಿ ಇವನ ಶೂ ಲೇಸಿಗೆ ಎಡಚ ಅಣ್ಣ ಹಾಕುತ್ತಿದ್ದ ಗಂಟು. ಅಣ್ಣ ಎದುರು ಕಂಪನಿಯಲ್ಲಿ ಬಾಗಿಲು ಜೋಡಿಸುತ್ತಿದ್ದವನು.

ಬಾಗಿಲಿನ ಒಳಗೆ ಅಂಟಿಸಿದ್ದ ಚೀಟಿಯಲ್ಲಿ ಅದು ತಯಾರಾದ ದಿನ ಹೋದ ವಾರದ್ದು. ಅಣ್ಣ ಸತ್ತು ನಾಲ್ಕು ತಿಂಗಳಾಗಿತ್ತು.

ಮಣ್ಣಿಗೂ ಹೋಗಿರಲಿಲ್ಲ ಇವನು. "ಎದುರಾಳಿ ಕಡೆಯೋನ ಸಾವಿಗೆ ರಜೆ ಬೇರೆ ಕೇಡು! ನಾಳೆ ನಮ್ ಕಾರ್ ಬಿಡುಗಡೆ," ಎಂದಿದ್ದ ಮ್ಯಾನೇಜರ್. ಅವತ್ತು ಕಚ್ಚಿದ ಹಲ್ಲು ಇನ್ನೂ ಸಡಿಲಾಗಿರಲಿಲ್ಲ.

"ಏನಯ್ಯಾ, ದೆವ್ವ ಕಂಡೋನ್ ಥರ ನಿಂತಿದ್ದೀಯ?" ಅದೇ ಮ್ಯಾನೇಜರ್ ಶೆಡ್ಡಿನ ಆ ತುದಿಯಿಂದ ಕೂಗಿದ. "ಆ ಸದ್ದಿನ ಗುಟ್ಟು ಇವತ್ತೇ ಬರ್ಕೊಡು. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

"ನೋಡ್ತಾ ಇದ್ದೀನಿ ಸರ್."

ಬಾಗಿಲು ಹಾಕಿದ. ಧಪ್. ಗಂಟು ಬಿಚ್ಚಿ ಮತ್ತೆ ಬಾಗಿಲು ಹಾಕಿದ. ತಗಡಿನ ಸದ್ದು. ಬಲಗೈಯಲ್ಲಿ ಬಿಗಿಯಾಗಿ ಕಟ್ಟಿದ, ಮತ್ತೆ ತಗಡು. ಪಟ್ಟಿ ಬೆಚ್ಚಗಿತ್ತು, ಯಾರೋ ಈಗಷ್ಟೇ ಬೆರಳು ತೆಗೆದ ಹಾಗೆ.

ಇದನ್ನೂ ಈ ಮ್ಯಾನೇಜರ್‌ಗೇ ಕೊಡಬೇಕಾ? ಬಿಚ್ಚಿ ಜೇಬಿಗೆ ತುರುಕಿಕೊಂಡ.

ಮ್ಯಾನೇಜರ್ ಬಂದು ಬಾಗಿಲು ಬಡಿದು ನೋಡಿದ. "ಥತ್, ಈಗ ಇದೂ ಡಬ್ಬಾನೇ! ಏನ್ ಸಿಕ್ತು ಒಳಗೆ?"

"ಏನೂ ಇಲ್ಲ."

"ಹಾಗಾದ್ರೆ ನಾಳೆಯಿಂದ ನೀನೂ ಇಲ್ಲ."

"ಅಂತೂ ರಜೆ ಕೊಟ್ರಲ್ಲ ಸರ್."

ಮ್ಯಾನೇಜರ್‌ನ ಮುಖ ಕೆಂಪಗಾಯಿತು. "ಲೇಸ್ ಬಿಚ್ಕೊಂಡಿದೆ ನೋಡು. ನಮ್ ಅಂಗಳದಲ್ಲಿ ಬಿದ್ದು ನಮ್ ತಲೆಗೆ ತರ್ಬೇಡ," ಎಂದು ಹೊರಟುಹೋದ.

ಇವನು ಸ್ಪ್ಯಾನರ್ ಕೆಳಗಿಟ್ಟು ನಡೆದ. ಯಾರೂ ಇಲ್ಲದ ಶೆಡ್ಡಿನೊಳಗೆ, ಬೆನ್ನ ಹಿಂದೆ, ಬಾಗಿಲೊಂದು ಮುಚ್ಚಿಕೊಂಡಿತು. ಧಪ್.

ತಿರುಗಿ ನೋಡಲಿಲ್ಲ. ಗೇಟಿನ ಹತ್ತಿರ, ಬಿಸಿಲಿನಲ್ಲಿ, ಲೇಸು ಕಟ್ಟಿಕೊಳ್ಳಲು ಬಗ್ಗಿದ. ಆಗಲೇ ಕಟ್ಟಿತ್ತು. ಎಡಕ್ಕೆ ತಿರುವಿ, ಬಿಗಿಯಾಗಿ.